ನೆಲಕ್ಕೆ ಒಂದೇಟು

ಸೋಫಾ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುವ ಆ ಅಮ್ಮನಿಗೆ ಇದ್ದವಳು ಒಬ್ಬಳೇ ಮಗಳು. ಅವಳೋ, ಬೀಳುವುದರಲ್ಲಿ ಎತ್ತಿದ ಕೈ. ಹೊಸ್ತಿಲು ಕಂಡರೆ ಎಡವುವಳು, ಮೆಟ್ಟಿಲು ಕಂಡರೆ ಉರುಳುವಳು, ಏನೂ ಸಿಗದಿದ್ದರೆ ತನ್ನ ಕಾಲಿಗೆ ತಾನೇ ತೊಡರಿಕೊಳ್ಳುವಳು. ಬಿದ್ದಾಗಲೆಲ್ಲ ಅಮ್ಮ ಓಡಿಬಂದು ಅಂಗೈಯಿಂದ ನೆಲಕ್ಕೆ ಪಟಪಟನೆ ಬಾರಿಸಿ, "ನನ್ನ ಮಗೂನ ಬೀಳಿಸ್ತೀಯಾ? ತಗೋ! ನೋಡು ಪುಟ್ಟಿ, ನೆಲಕ್ಕೆ ಹೊಡೆದೆ. ಅಳಬಾರ್ದು" ಎನ್ನುವಳು. ಅಳು ಅಲ್ಲಿಗೆ ನಿಲ್ಲುತ್ತಿತ್ತು. ಎಲ್ಲರ ಮನೆಯಲ್ಲೂ ನಡೆಯುವುದೇ ಬಿಡಿ. ಆದರೆ ಮಕ್ಕಳು ದೊಡ್ಡವರಾದ ಮೇಲೆ ನೆಲಕ್ಕೆ ಹೊಡೆಯುವುದನ್ನು ನಿಲ್ಲಿಸಬೇಕು ಎಂದು ಈ ಪುಣ್ಯಾತ್ಗಿತ್ತಿಗೆ ಯಾರೂ ಹೇಳಿರಲಿಲ್ಲ.

ಹದಿನಾಲ್ಕಕ್ಕೇ ಮಗಳ ತಲೆ ಬಾಗಿಲ ಚೌಕಟ್ಟಿಗೆ ತಗಲತೊಡಗಿತು. ಶಾಲೆಯ ಬಾಸ್ಕೆಟ್‌ಬಾಲ್ ತಂಡದವರು ಎಳೆದುಕೊಂಡು ಹೋದರು. ಮೊದಲ ದೊಡ್ಡ ಮ್ಯಾಚಿಗೆ ಅಮ್ಮ ಅರ್ಧ ದಿನ ರಜೆ ಹಾಕಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿದಳು. ಎದುರು ತಂಡದ ದಾಂಡಿಗನಂಥ ಹುಡುಗಿಯೊಬ್ಬಳು ಓಡಿಬಂದು ಗುದ್ದಿದ ರಭಸಕ್ಕೆ ಮಗಳು ಅಂಗಾತ ಬಿದ್ದಳು. ಅಮ್ಮನಿಗೆ ಜೀವ ಬಾಯಿಗೆ ಬಂತು. ಆಟ ನಡೆಯುತ್ತಿರುವುದನ್ನೂ ಮರೆತು ಒಳಗೆ ನುಗ್ಗಿ, ಮಂಡಿಯೂರಿ, ನೆಲಕ್ಕೆ ಎರಡು ಬಾರಿಸಿ, "ಹೊಡೆದೆ ನೋಡು ಪುಟ್ಟಿ!" ಎಂದುಬಿಟ್ಟಳು.

ಇಡೀ ಶಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊರಗಿನವರು ಅಂಕಣಕ್ಕೆ ನುಗ್ಗಿದರೆಂದು ರೆಫರಿ ಎದುರು ತಂಡಕ್ಕೆ ಒಂದು ಎಸೆತ ಕೊಟ್ಟರು. ಚೆಂಡು ಬುಟ್ಟಿಗೆ ಬಿತ್ತು. ಮಗಳ ತಂಡ ಸೋತದ್ದು ಅದೇ ಒಂದು ಪಾಯಿಂಟಿನಿಂದ.

"ನನ್ನ ಮಾನ ಮರ್ಯಾದೆ ಎಲ್ಲಾ ಹೋಯ್ತು," ಎಂದಳು ಮಗಳು, ಮನೆಗೆ ಬಂದು ಮುಖ ಊದಿಸಿಕೊಂಡು. "ಇನ್ಮೇಲೆ ನನ್ನ ಮ್ಯಾಚಿಗೆ ನೀನು ಬರ್ಲೇಬೇಡ."

"ಬರಲ್ಲ ಹೋಗೇ! ನೀನಾಗೇ ಕರೆಯೋ ತನಕ ಆ ಕಡೆ ಕಾಲೂ ಇಡಲ್ಲ."

ತಾಯಿ ಮಗಳು ಇಬ್ಬರೂ ಒಂದೇ ಅಚ್ಚು. ಇವಳು ಕರೆಯಲಿಲ್ಲ, ಅವಳು ಹೋಗಲಿಲ್ಲ. ಹಾಗೇ ಹತ್ತೊಂಬತ್ತು ವರ್ಷ ಕಳೆಯಿತು.

ಹೋಗದಿದ್ದರೇನಂತೆ, ಅಮ್ಮ ಸುಮ್ಮನೆ ಕೂರುವವಳೇ? ಅಂಗಡಿಯಲ್ಲಿ ಉಳಿದ ಗಟ್ಟಿ ಫೋಮಿನ ತುಂಡುಗಳನ್ನು ತಂದು, ಮಗಳ ಆಟದ ಚಡ್ಡಿಯ ಒಳಗೆ, ಸೊಂಟದ ಎರಡೂ ಕಡೆ ಕಾಣದ ಹಾಗೆ ಹೊಲಿದುಕೊಟ್ಟಳು. "ನಿನ್ನ ಆಟ ನಿಂಗೆ, ನನ್ನ ಹೊಲಿಗೆ ನಂಗೆ," ಎಂದಳು. ಬಟ್ಟೆ ಬದಲಾಯಿಸುವಾಗ ಗೆಳತಿಯರ ಕಣ್ಣಿಗೆ ಬಿದ್ದೇ ಬಿತ್ತು. ಅವತ್ತಿನಿಂದ ಅವಳ ಹೆಸರು ಸೋಫಾ.

ಬೀಳುವುದನ್ನೇ ಈ ಸೋಫಾ ಹೊಟ್ಟೆಪಾಡು ಮಾಡಿಕೊಂಡಳು ಎಂದರೆ ನಂಬುತ್ತೀರಾ? ಆ ಆಟದಲ್ಲಿ ಒಂದು ನಿಯಮವಿದೆ. ಚೆಂಡು ಹಿಡಿದು ನುಗ್ಗುವವಳ ದಾರಿಗೆ ಮೊದಲೇ ಹೋಗಿ, ಎರಡೂ ಕಾಲೂರಿ ಅಲುಗಾಡದೆ ನಿಂತರೆ, ಗುದ್ದಿದ ತಪ್ಪು ಗುದ್ದಿದವಳದ್ದೇ. ಚೆಂಡು ನಿಂತವಳ ತಂಡಕ್ಕೆ. ಕೇಳಲು ಸುಲಭ. ಮೈಮೇಲೆ ಬರುವವರನ್ನು ಕಂಡೂ ಕಾಲು ಕೀಳದೆ ನಿಲ್ಲಲು ಗುಂಡಿಗೆ ಬೇಕು. ಇಪ್ಪತ್ತೊಂದಕ್ಕೆ ಅವಳನ್ನು ಸಂಬಳದ ತಂಡಕ್ಕೆ ಸೇರಿಸಿಕೊಂಡ ಕೋಚಮ್ಮ ನೇರವಾಗಿಯೇ ಹೇಳಿದ್ದರು: "ಹಾರೋರು ನನ್ನ ಹತ್ರ ಬೇಕಾದಷ್ಟು ಜನ ಇದ್ದಾರೆ. ನಂಗೆ ನಿಲ್ಲೋಳು ಬೇಕು."

ನಿಂತಳು. ಹನ್ನೆರಡು ವರ್ಷ, ಮೂರು ತಂಡ. ಇಬ್ಬಿಬ್ಬರಿಗೆ ಒಂದು ಕೋಣೆ, ಮಂಚದಿಂದ ಆಚೆ ಚಾಚುವ ಕಾಲು, ಮಂಡಿಗೆ ಐಸಿನ ಚೀಲ. ಪತ್ರಿಕೆಯ ಫೋಟೋದಲ್ಲಿ ಬುಟ್ಟಿಗೆ ಚೆಂಡು ಹಾಕುವವಳ ಮುಖ ಬರುತ್ತಿತ್ತು, ಇವಳ ಮೊಣಕೈ ಬರುತ್ತಿತ್ತು. ಅಮ್ಮ ಆ ಮೊಣಕೈಗಳನ್ನೂ ಕತ್ತರಿಸಿಟ್ಟುಕೊಂಡಿದ್ದಳು. ಆಟವಿಲ್ಲದ ತಿಂಗಳುಗಳಲ್ಲಿ ಮಗಳು ಊರಿಗೆ ಬಂದು ಅಮ್ಮನ ಅಂಗಡಿಯಲ್ಲೇ ಸೋಫಾದ ಚೌಕಟ್ಟು ಎತ್ತಿಕೊಡುತ್ತಿದ್ದಳು.

ಊರಿನಲ್ಲಿ ಮ್ಯಾಚಿದ್ದರೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ತಪ್ಪದೆ ಹೋಗುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

"ಎಷ್ಟು ಸಲ ರೀ?"

"ಎರಡೇ ಸಲ ಕಣೇ. ಅದೂ ಮೆತ್ತಗೆ."

ಮಗಳ ಬಟ್ಟೆ ಒಗೆಯಲು ಬಂದಾಗ ಅಮ್ಮ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಐದು. ಎಡಗಡೆ ಮೂರು," ಎನ್ನುವಳು. "ಸುಳ್ಳು ಹೇಳೋಕೂ ಒಂದು ಲಕ್ಷಣ ಬೇಕು ರೀ!" ಆಮೇಲೆ ಹಳೆಯ ಫೋಮು ಬಿಚ್ಚಿ ಹೊಸದು ಹೊಲಿಯಲು ಕೂರುವಳು.

ಮುಂದಿನ ಹಲ್ಲು ಹೋಯಿತು. ಭುಜದ ಮೂಳೆ ಮುರಿಯಿತು. ಮಂಡಿ ಕೊಯ್ದರು. ಮೂರು ಸಲವೂ ಆಸ್ಪತ್ರೆಗೆ ಮೊದಲು ಓಡಿದವಳು ಅಮ್ಮನೇ. ಆಸ್ಪತ್ರೆಯೇನೂ ಮ್ಯಾಚಲ್ಲವಲ್ಲ!

ಮೂವತ್ತಮೂರಕ್ಕೆ ಡಾಕ್ಟರು, ಹೆಚ್ಚೆಂದರೆ ಇನ್ನೊಂದು ಮ್ಯಾಚು, ಆಮೇಲೆ ಈ ಮಂಡಿ ನಡೆಯೋಕಷ್ಟೇ ಸಾಕು ಎಂದರು. ಕೊನೆಯ ಮ್ಯಾಚು ಊರಿನಲ್ಲೇ ಬಿತ್ತು. ಮಗಳ ಫೋನು ಬಂತು.

"ಅಮ್ಮಾ, ಶನಿವಾರ ಬರ್ತೀಯಾ?"

"ಕರೀತಿದೀಯಾ?"

"ಹೂಂ, ಕರೀತಿದೀನಿ. ಆದ್ರೆ ಏನೇ ಆಗ್ಲಿ, ಕೂತ ಜಾಗದಿಂದ ಏಳಬಾರ್ದು. ನನ್ನಾಣೆ."

"ನಾನೇನು ಎಳೇ ಮಗುನಾ? ಏಳಲ್ಲ ಬಿಡೇ," ಎಂದಳು ಅಮ್ಮ. ಫೋನು ಇಟ್ಟ ಮೇಲೆ ಗಂಡನ ಹತ್ತಿರ ಬಂದು, "ರೀ, ನನ್ನ ಕೈಲಿ ಆಗತ್ತಾ?" ಎಂದು ಕೇಳಿದಳು. ಅವನು ಈ ಸಲ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಕಣೇ," ಎಂದ.

ಶನಿವಾರ ಸಂಜೆ ಒಳಾಂಗಣ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಅಮ್ಮ ಮೊದಲು ಜಗಳವಾಡಿದ್ದು ಕುರ್ಚಿಯ ಜೊತೆ. "ಇದಕ್ಕೊಂದು ಸ್ಪಂಜು ಹಾಕೋಕೆ ಇವರಿಗೇನು ರೋಗ?" ಮಗಳು ಅಂಕಣಕ್ಕೆ ಇಳಿದಾಗ ಜನ "ಸೋಫಾ! ಸೋಫಾ!" ಎಂದು ಕೂಗತೊಡಗಿದರು. ಅಮ್ಮನ ಕೋಪ ನೆತ್ತಿಗೇರಿತು. "ಪ್ರೀತಿಗೆ ಕಣೇ, ಪ್ರೀತಿಗೆ," ಎಂದು ಅಪ್ಪ ಸಮಾಧಾನ ಮಾಡಬೇಕಾಯಿತು. ಮೊದಲ ಸಲ ಬಿದ್ದಾಗ ಅಮ್ಮ ಅರ್ಧ ಎದ್ದೇಬಿಟ್ಟಿದ್ದಳು. ಅಪ್ಪ ತೋಳು ಹಿಡಿದು ಕೂರಿಸಿದ. ಆಮೇಲೆ ಅವಳು ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೇ ಕೂತಳು.

ಇನ್ನೊಂದೇ ನಿಮಿಷ ಉಳಿದಿತ್ತು. ಎದುರು ತಂಡದ ಎಳೆಯ ಹುಡುಗಿಯೊಬ್ಬಳು ಚೆಂಡು ಹಿಡಿದು ಗಾಳಿಯ ಹಾಗೆ ಬಂದಳು. ಮಗಳು ದಾರಿಗೆ ಹೋಗಿ ಎರಡೂ ಕಾಲೂರಿದಳು. ಗುದ್ದಿದ ಸದ್ದು ಮೇಲಿನ ಸಾಲಿಗೂ ಕೇಳಿಸಿತು. ಮಗಳು ಬಿದ್ದಳು, ಬಿದ್ದವಳು ಏಳಲಿಲ್ಲ.

"ಏಳೇ... ಏಳೇ ನನ್ನ ತಾಯಿ..." ಅಮ್ಮನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಲು ಕೈ ತೆಗೆಯಲಿಲ್ಲ. ತೆಗೆದರೆ ಕಾಲೂ ಏಳುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳು ಹತ್ತೊಂಬತ್ತು ವರ್ಷ ನಿಂತ ಹಾಗೆ ಅಮ್ಮ ಆ ಅರ್ಧ ನಿಮಿಷ ಕೂತಳು.

ಗೆಳತಿಯರು ಕೈಕೊಟ್ಟು ಎಬ್ಬಿಸಿದರು. ಮಗಳು ಕುಂಟುತ್ತ ಬೆಂಚಿಗೆ ಹೋದಳು. ಆ ಮ್ಯಾಚು ಮೂರು ಪಾಯಿಂಟಿನಿಂದ ಸೋತರಂತೆ. ಅಮ್ಮನಿಗೆ ಅದು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಕೊನೆಯ ಸೀಟಿ ಊದಿದ ಮೇಲೆ ಎಲ್ಲರೂ ಕೈಕುಲುಕುತ್ತಿದ್ದರೆ, ಮಗಳು ತಾನು ಬಿದ್ದ ಜಾಗಕ್ಕೇ ವಾಪಸು ಬಂದು, ಅಷ್ಟುದ್ದ ಮೈಯನ್ನು ಅಂಗಾತ ಚಾಚಿ ಮಲಗಿಕೊಂಡಳು. ತಲೆ ತಿರುಗಿಸಿ ಮೇಲಿನ ಸಾಲಿನತ್ತ ಕೂಗಿದಳು.

"ಅಮ್ಮಾ! ಈಗ ಬಾ!"

ಅಮ್ಮ ಮೆಟ್ಟಿಲಿಳಿದು ಓಡಿದಳು. ಪಕ್ಕದಲ್ಲಿ ಮಂಡಿಯೂರಿದಳು.

"ಒಂದು ಹಾಕಮ್ಮ ಇದಕ್ಕೆ," ಎಂದಳು ಮಗಳು.

ಅಮ್ಮ ಅಂಗೈ ಎತ್ತಿದಳು. "ಇದು ಹಲ್ಲಿಗೆ," ಎಂದು ಒಂದು ಬಾರಿಸಿದಳು. "ಇದು ಭುಜಕ್ಕೆ. ಇದು ಮಂಡಿಗೆ. ಇದು... ಇದು ನಾನು ಬರದೇ ಇದ್ದಿದ್ದಕ್ಕೆಲ್ಲಾ." ಈ ಸಲ ಯಾರೂ ನಗಲಿಲ್ಲ. ನಕ್ಕವಳು ಮಗಳೊಬ್ಬಳೇ, ಅದೂ ಅಳುತ್ತಲೇ.

"ಸಾಕಮ್ಮ, ಪಾಪ, ನೆಲಕ್ಕೆ ನೋವಾಗತ್ತೆ."

"ಆಗ್ಲಿ ಬಿಡು," ಎಂದು ಅಮ್ಮ ಇನ್ನೊಂದು ಹಾಕಿದಳು.