ಕಣಕಟ್ಟೆಯ ಅಟ್ಟದಲ್ಲಿ ಕಟ್ಟಿದ ಹಡಗು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಉಮಾಶಂಕರ್ ದೇವರಿಗೆ ಒಡೆದ ಕಾಯನ್ನೂ ಒಮ್ಮೆ ಮೂಸಿ ನೋಡುವ ಆಸಾಮಿ. ಅಂಥವನಿಗೆ ಕಣಕಟ್ಟೆಯ ತೋಟದ ಜಾನಕಮ್ಮ ಕಾದಂಬರಿ ಬರೆದಿದ್ದಾರೆ, ಅದೂ ಕಡಲಿನದು ಎಂದು ತಿಳಿದಾಗ ನಗು ತಡೆಯಲಾಗಲಿಲ್ಲ.

"ಅಲ್ಲ ಕಣಕ್ಕ, ನಮ್ಮೂರ ಕೆರೆ ತುಂಬೋದೇ ಅಪರೂಪ. ನೀವು ಹಡಗನ್ನೇ ತೇಲಿಸ್ಬಿಟ್ರಾ?"

"ನೀನು ದಿನಾ ಸುಳ್ಳು ತೇಲಿಸಲ್ವಾ? ಸುಮ್ನೆ ಓದು."

ಓದಿದ. ಹೊಯ್ಸಳರ ಕಾಲದ ಹಡಗು. ಹಳೇಬೀಡಿನಿಂದ ಹೊರಟ ಕೆಂಪುಹರಳು ನಡುಗಡಲಲ್ಲಿ ಮಾಯ. ಆಪಾದನೆ ಬಂದದ್ದು ಪಾಪದ ಅಂಬಿಗನೊಬ್ಬನ ಮೇಲೆ; ಬೆಳಗಾದರೆ ಅವನನ್ನು ನೀರಿಗೆ ತಳ್ಳುತ್ತಾರೆ. ಸರಕಿನ ಕೋಣೆಯ ತುಂಬ ಒಣಕಾಯಿ. ಅಟ್ಟದಲ್ಲಿ ಚೆನ್ನಾಗಿ ಒಣಗಿದ ಕಾಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಕಳ್ಳ ಒಂದು ಕಾಯನ್ನು ಟೊಳ್ಳು ಮಾಡಿ, ಹರಳನ್ನು ಹತ್ತಿಯಲ್ಲಿ ಸುತ್ತಿ ಒಳಗೆ ತುರುಕಿದ್ದಾನೆ. ಅದೊಂದು ಮಾತ್ರ ಮೂಕ. ಕಿವಿಗೊಟ್ಟು ಅದನ್ನು ಹಿಡಿದು ಅಂಬಿಗನನ್ನು ಬಿಡಿಸುವವಳು ಹಡಗಿನಲ್ಲಿದ್ದ ಹಳೇಬೀಡಿನ ಹೆಂಗಸೊಬ್ಬಳು.

ಉಮಾಶಂಕರ್ ಅವತ್ತು ಅಂಗಡಿ ಬಾಗಿಲು ತೆಗೆಯುವುದನ್ನೇ ಮರೆತ.

ಆದರೆ ಜಾನಕಮ್ಮ ಅಚ್ಚಿಗೆ ಕೊಡಲೊಲ್ಲರು. "ಕಡಲು ಕಾಣದವಳು ಬರೆದದ್ದು ಅಂತ ಕರಾವಳಿಯವರು ನಕ್ಕರೆ ಪುಸ್ತಕ ಅಲ್ಲಿಗೇ ಮುಳುಗ್ತು. ಹಡಗಿನ ಹೊಟ್ಟೆಯೊಳಗೆ ಒಂದ್ಸಲ ನಿಲ್ಬೇಕು ಕಣೋ."

ಇಬ್ಬರೂ ಮಂಗಳೂರಿನ ರೈಲು ಹತ್ತಿದರು. ಜಾನಕಮ್ಮನ ಚೀಲದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳು. ಬಂದರಿನಲ್ಲಿ ದ್ವೀಪಗಳಿಗೆ ಸರಕು ಒಯ್ಯುವ ಮರದ ಮಂಜಿಯೊಂದು ನಿಂತಿತ್ತು. ಕೇಳಿಕೊಂಡದ್ದಕ್ಕೆ ಅದನ್ನು ನಡೆಸುವ ತಂಡೇಲ ಒಳಗೆ ಬಿಟ್ಟ.

ಕೆಳಗಿಳಿದರೆ ಹಲಗೆಗಳ ನರಳಾಟ, ಹಗ್ಗಗಳ ಕಿರುಚಾಟ. ನೀರು ಹೊರಗಿನಿಂದ ಪಕ್ಕೆಗೆ ಗುದ್ದುತ್ತಿತ್ತು. ಜಾನಕಮ್ಮ ಒಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಏನೂ ಕೇಳಲಿಲ್ಲ.

"ದಡಕ್ಕೆ ಕಟ್ಟಿದಾಗಲೇ ಹಿಂಗೆ. ನಡುಗಡಲಲ್ಲಿ ಅವಳಿಗೇನು ಕೇಳ್ಸುತ್ತೆ?" ಮೆಟ್ಟಿಲ ಮೇಲೆ ಕುಸಿದರು. "ಹೋಯ್ತು ಬಿಡು. ಅಂಬಿಗ ಸತ್ತ."

ಉಮಾಶಂಕರ್ ತಾನೂ ಒಂದು ಕಾಯಿ ತೆಗೆದು ಆಡಿಸುತ್ತ ನಿಂತ. ಜಾನಕಮ್ಮ ಅವನ ಕೈಯನ್ನೇ ನೋಡಿದರು.

"ಹರಾಜಿನ ಗದ್ದಲದಲ್ಲಿ ಕಾಯಿ ಸದ್ದು ಕೇಳ್ಸುತ್ತೇನೋ ನಿಂಗೆ?"

"ಎಲ್ಲಿ ಕೇಳ್ಸುತ್ತಕ್ಕ! ಅಂಗೈಗೆ ಗೊತ್ತಾಗುತ್ತೆ. ಒಳಗಿಂದ ಬಡಿಯುತ್ತಲ್ಲ..." ಅಂದವನು ಕೈಯಲ್ಲಿದ್ದ ಕಾಯನ್ನೇ ನೋಡಿದ.

"ಕಣ್ಮುಚ್ಚು," ಅಂದರು ಜಾನಕಮ್ಮ, ಎದ್ದು ಬಂದು. "ಅಲ್ಲಾಡಿಸ್ಬೇಡ. ಬರೀ ಹಿಡ್ಕೊ."

ಹಿಡಿದ. ಮಂಜಿ ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿತು. ಕಾಯೊಳಗೆ ಕೊಬ್ಬರಿ ಉರುಳಿ ಅಂಗೈಗೆ ಮುಟ್ಟಿತು. ಇತ್ತ ವಾಲಿತು, ಮತ್ತೆ ಮುಟ್ಟಿತು. ಹುಟ್ಟಿದಾಗಿನಿಂದ ಕಾಯಿ ಅಲ್ಲಾಡಿಸಿಕೊಂಡೇ ಬದುಕಿದವನ ಕೈಯಲ್ಲಿ ಈಗ ಕಡಲೇ ಕಾಯಿ ಅಲ್ಲಾಡಿಸುತ್ತಿತ್ತು. ಹಳೇಬೀಡಿನ ಆ ಹೆಂಗಸು ಪಕ್ಕದಲ್ಲೇ ನಿಂತು ಇನ್ನೊಂದು ಕಾಯಿಗೆ ಕೈ ಚಾಚಿದಂತಾಗಿ, ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಇದನ್ನೆಲ್ಲ ಈಯಮ್ಮ ಅಟ್ಟದ ಕೆಳಗೆ ಕೂತು ಕಂಡರಲ್ಲ!

ಮೇಲಿನಿಂದ ತಂಡೇಲ ಕೂಗಿದ: "ಮಂಜಿ ಹೊರಡ್ತದೆ, ಇಳೀರಿ ಮಾರಾಯ್ರೆ!"

"ಒಂಚೂರು ತಡೀರಿ," ಅಂದ ಉಮಾಶಂಕರ್, ಕಣ್ಣು ಮುಚ್ಚಿಕೊಂಡೇ. "ಅಂಬಿಗನ್ನ ಇನ್ನೂ ಬಿಡಿಸಿಲ್ಲ."