ಐವತ್ತನಾಲ್ಕು ಸುತ್ತು

ಜಪಾನಿನ ಒಟಾರು ಬಂದರಿನಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ ತೊಗಾಶಿ ಮೊಸುಕೆಯ ಸ್ನಾನದ ಮನೆ ಇತ್ತು. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆದರೆ ಮೀನು ಮಾರುಕಟ್ಟೆಯ ಹೆಂಗಸರು, ಹಮಾಲರು, ಮುದುಕರು ಒಬ್ಬೊಬ್ಬರಾಗಿ ಬಂದು ಬಿಸಿನೀರಿನ ತೊಟ್ಟಿಗೆ ಇಳಿಯುತ್ತಿದ್ದರು. ಮೊಸುಕೆ ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನ ಲೋಕವೆಲ್ಲ ಹಿಂದುಗಡೆಯ ಒಲೆಯ ಕೋಣೆ. ಹೆಂಡತಿ ಕ್ಷಯದಲ್ಲಿ ತೀರಿಕೊಂಡಾಗ ಮಗಳು ಹರುಯೊಗೆ ಹನ್ನೊಂದು ವರ್ಷ. ಅಂದಿನಿಂದ ಅವನ ಅಕ್ಕ ಕಾನೆ ಬಾಗಿಲ ಬಳಿಯ ಎತ್ತರದ ಪೀಠದಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದಳು; ಮನೆಯಲ್ಲಿ ಆಡಬೇಕಾದ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು.

ಹರುಯೊ ಒಲೆಯ ಕೋಣೆಯಲ್ಲಿ ಕೂತು ಓದಿ ದೊಡ್ಡವಳಾದಳು. ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ವಿಶ್ವವಿದ್ಯಾಲಯದಲ್ಲಿ ಭೂಮಿ ಮತ್ತು ವಾಯುಮಂಡಲದ ವಿಭಾಗಕ್ಕೆ ಸೇರಿದಾಗ ಅವಳ ತರಗತಿಯಲ್ಲಿ ಹತ್ತೊಂಬತ್ತು ಜನ. ಹೆಣ್ಣು ಅಂತ ಇದ್ದವಳು ಅವಳೊಬ್ಬಳೇ. ಯಾರೂ ಕೆಟ್ಟದಾಗಿ ನಡೆದುಕೊಂಡವರಲ್ಲ. ಆದರೆ ಅವಳ ಅಕ್ಕಪಕ್ಕದ ಎರಡು ಕುರ್ಚಿಗಳು ಮೂರು ವರ್ಷವೂ ಖಾಲಿಯೇ ಇದ್ದವು. ಕೂದಲಿಗೆ ಅಂಟಿದ ಕಲ್ಲಿದ್ದಲ ವಾಸನೆಗೋ ಏನೋ ಎಂದು ಅವಳು ದಿನಾ ತಲೆಸ್ನಾನ ಮಾಡಿ ಹೋಗತೊಡಗಿದಳು. ಕುರ್ಚಿಗಳು ಹಾಗೇ ಇದ್ದವು.

ಅವಳಿಗೆ ಒಲಿದದ್ದು ನಿಶಿದಾತೆ ಮೇಷ್ಟ್ರ ಪಾಠ. ಭೂಮಿಯ ನಡುಭಾಗ ಕಾಯುತ್ತದೆ, ತುದಿಗಳು ತಣ್ಣಗಿರುತ್ತವೆ, ಆ ಕಾವನ್ನು ಇಲ್ಲಿಂದ ಅಲ್ಲಿಗೆ ಹೊತ್ತೊಯ್ಯುವ ಕೂಲಿ ಕೆಲಸ ಗಾಳಿಯದು ಎಂದು ಅವರು ಶುರುಮಾಡಿದ್ದರು. ಭೂಮಿ ನಿಂತಲ್ಲೇ ನಿಂತಿದ್ದರೆ ಕೆಲಸ ಸುಲಭವಿತ್ತು. ತಿರುಗುವುದರಿಂದ ಗಾಳಿ ನೇರ ಹೋಗಲಾರದೆ ಅಡ್ಡ ಹರಿಯುತ್ತದೆ, ಹರಿಯುತ್ತ ಬಳುಕುತ್ತದೆ. ಆ ಬಳುಕಿನ ಅಲೆಗಳ ಮೇಲೇರಿ ಸೈಬೀರಿಯದ ಚಳಿ ನಮ್ಮ ಮನೆಬಾಗಿಲಿಗೆ ಬರುತ್ತದೆ. ಇದನ್ನು ಕಣ್ಣಾರೆ ತೋರಿಸಲು ಅವರ ನೆಲಮಾಳಿಗೆಯಲ್ಲಿ ಮೀಟರಿನಷ್ಟು ಅಗಲದ ತಾಮ್ರದ ಪಾತ್ರೆಯೊಂದಿತ್ತು. ನಡುವೆ ಮಂಜುಗಡ್ಡೆ ತುಂಬಿದ ಡಬ್ಬಿ, ಅಂಚಿಗೆ ಬಿಸಿನೀರಿನ ಕೊಳವೆ, ಅಡಿಯಲ್ಲಿ ಮೋಟಾರಿನಿಂದ ತಿರುಗುವ ಪೀಠ. ನೀರಿನ ಮೇಲೆ ಅಲ್ಯುಮಿನಿಯಂ ಪುಡಿ ಉದುರಿಸಿ ನಿಧಾನಕ್ಕೆ ತಿರುಗಿಸಿದರೆ ಪುಡಿ ಶಾಂತವಾಗಿ ಉಂಗುರ ಕಟ್ಟುವುದು. ವೇಗ ಕೊಂಚ ಏರಿಸಿದರೆ ಉಂಗುರ ಮೂರು ದಳದ ಹೂವಿನಂತೆ ಬಳುಕುವುದು. ಹರುಯೊ ಅದನ್ನು ಮೊದಲ ಸಲ ನೋಡಿದ ದಿನ ರೈಲು ತಪ್ಪಿಸಿಕೊಂಡಳು.

ಅವಳು ಕೊನೆಯ ವರ್ಷಕ್ಕೆ ಬಂದದ್ದು ೧೯೬೯ರಲ್ಲಿ. ಆ ಬೇಸಿಗೆಯಲ್ಲಿ ದೇಶದ ತುಂಬ ವಿದ್ಯಾರ್ಥಿಗಳ ಚಳವಳಿ. ಅವಳ ವಿಭಾಗದ ಬಾಗಿಲಿಗೂ ಬೆಂಚು ಕುರ್ಚಿಗಳ ಗೋಡೆ ಎದ್ದಿತು. ತರಗತಿಯ ಹುಡುಗರಲ್ಲಿ ಅರ್ಧ ಜನ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತರು, ಉಳಿದವರು ಊರಿಗೆ ಹೋದರು. ಹೊರಗೆ ನಿಂತಿದ್ದ ಹರುಯೊಳನ್ನು ಸಹಪಾಠಿಯೊಬ್ಬ ಮಹಡಿಯ ಕಿಟಕಿಯಿಂದ ಮನೆತನದ ಹೆಸರು ಹಿಡಿದು ಕೂಗಿ ಕೇಳಿದ.

“ನೀನು ಯಾವ ಕಡೆ, ತೊಗಾಶಿ?”

“ಗಾಳಿ ಬಂದ ಕಡೆ ಅನ್ನು” ಎಂದು ಅವನೇ ನಕ್ಕು ಕಿಟಕಿ ಮುಚ್ಚಿಕೊಂಡ. ಮೂರು ವರ್ಷದಲ್ಲಿ ಅವನು ಅವಳೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಪ್ರಬಂಧ ಬರೆಯದೆ ಪದವಿ ಇಲ್ಲ, ಪಾತ್ರೆಯಿಲ್ಲದೆ ಪ್ರಬಂಧವಿಲ್ಲ. ನಿಶಿದಾತೆ ಮೇಷ್ಟ್ರು ಚಳವಳಿಯವರೊಂದಿಗೆ ಮೂರು ದಿನ ಮಾತಾಡಿ, ನೆಲಮಾಳಿಗೆಯ ಕಿಟಕಿಯಿಂದ ಪಾತ್ರೆಯನ್ನೂ ಪೀಠವನ್ನೂ ಹೊರಗೆ ತೆಗೆಸಿದರು. ಅಲೆಗಳ ಫೋಟೊ ತೆಗೆಯುವ ಕ್ಯಾಮೆರಾ ಇದ್ದ ಕೋಣೆಯ ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ಅವರು ತಲೆ ಕೆರೆದುಕೊಂಡಾಗ ಹರುಯೊ ನಾಚಿಕೆಯಿಂದಲೇ ತನ್ನ ಮನೆಯ ಕಸುಬು ಹೇಳಿದಳು. ಮೊಸುಕೆ ಕಲ್ಲಿದ್ದಲು ತರುವ ಲಾರಿಯಲ್ಲಿ ಬಂದು, ಮೇಷ್ಟ್ರಿಗೆ ಬಗ್ಗಿ ನಮಸ್ಕರಿಸಿ, ಒಂದು ಮಾತೂ ಕೇಳದೆ ಪಾತ್ರೆಯನ್ನು ಒಟಾರುವಿಗೆ ಸಾಗಿಸಿದ.

ಒಲೆಯ ಪಕ್ಕದ ಸೌದೆಕೋಣೆ ಅವಳ ಪ್ರಯೋಗಶಾಲೆಯಾಯಿತು. ಬೆಳಿಗ್ಗೆ ಮೀನು ಮಾರುಕಟ್ಟೆಯಿಂದ ಮಂಜುಗಡ್ಡೆ ತರುವಳು; ಅಪ್ಪ ನೀರು ಕಾಯಿಸಿ ಕೊಳವೆ ಜೋಡಿಸಿ ಕೊಡುವನು. ಪಾತ್ರೆ ಇಪ್ಪತ್ತು ಸೆಕೆಂಡಿಗೊಮ್ಮೆ ಸುತ್ತುತ್ತಿತ್ತು. ನಿಂತು ನೋಡಿದರೆ ಅಲೆಗಳು ಕಣ್ಣಿಗೆ ಹತ್ತವು. ಅದಕ್ಕೇ ಅವಳೂ ಪಾತ್ರೆಯ ಜೊತೆಗೆ, ಅದರದೇ ವೇಗದಲ್ಲಿ, ಅಪ್ರದಕ್ಷಿಣವಾಗಿ ಸುತ್ತು ಹಾಕುತ್ತಿದ್ದಳು. ನೋಟ್‌ಪುಸ್ತಕ ಒಂದು ಕೈಯಲ್ಲಿ, ಪೆನ್ಸಿಲು ಇನ್ನೊಂದರಲ್ಲಿ. ಅಲೆಗಳು ಪಾತ್ರೆಗಿಂತ ಸ್ವಲ್ಪ ಮುಂದೆ ಜಾರುವುದರಿಂದ ಅವಳೂ ಒಂದು ಹೆಜ್ಜೆ ಮುಂದೆ ಜಾರಬೇಕು. ಕಣ್ಣು ಕತ್ತಲೆ ಬಂದಾಗ ಸೌದೆಯ ಮೇಲೆ ಕೂರುವಳು.

ಕಾನೆ ಅತ್ತೆ ಇಣುಕಿ ನೋಡಿ ಹೋದವಳು ಬಾಗಿಲ ಬಳಿಯ ತನ್ನ ಪೀಠದ ಮೇಲಿಂದ ಗಿರಾಕಿಗಳಿಗೆಲ್ಲ ಹೇಳಿದಳು. “ಮದುವೆ ಆಗೋ ವಯಸ್ಸಲ್ಲಿ ನಮ್ಮ ಹುಡುಗಿ ಹಂಡೆ ಸುತ್ತಾ ಇದಾಳೆ ಕಣ್ರೇ. ಗಂಡು ಹಂಡೆಯೊಳಗಿಂದ ಎದ್ದು ಬರ್ತಾನೋ ಏನೋ.” ಮೀನಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಗೋಡೆಯ ಈಚೆಗೆ ಹರುಯೊಗೂ ಅದು ಕೇಳಿಸಿತು. ಅವಳು ಸುತ್ತು ಎಣಿಸುವುದನ್ನು ಬಿಡಲಿಲ್ಲ, ಅಷ್ಟೆ.

ಆಗಸ್ಟು, ಸೆಪ್ಟೆಂಬರು ಹೀಗೇ ಕಳೆದವು. ಅಪ್ಪ ಮಗಳು ಒಂದೇ ಗೋಡೆಯ ಎರಡು ಬದಿಗೆ ಕೆಲಸ ಮಾಡುತ್ತಿದ್ದರು. ಊಟದ ಹೊತ್ತಿಗೆ ಅನ್ನ, ಉಪ್ಪಿನಲ್ಲಿಟ್ಟ ಮೂಲಂಗಿ, ಸುಟ್ಟ ಮೀನು. ವಾರಗಟ್ಟಲೆ ಅವಳ ಬಾಯಿಂದ ಹೊರಟದ್ದು ಬರೀ ಅಂಕಿಗಳು.

ಅಕ್ಟೋಬರಿನ ಒಂದು ಮಧ್ಯಾಹ್ನ, ಎರಡೂಮುಕ್ಕಾಲು ಗಂಟೆಯ ಹೊತ್ತು. ಮೂರು ಅಲೆಗಳು ಎಂದಿನಂತೆ ಮೂಡಿದ್ದವು. ಹರುಯೊ ಮುಂದೆ ಜಾರುವ ಹೆಜ್ಜೆ ಇಡಲು ಹೋದಳು, ಅಲೆ ಜಾರಲಿಲ್ಲ. ಇನ್ನೊಂದು ಸುತ್ತು ಬಂದಳು. ಒಂದು ಅಲೆ ಉಬ್ಬಿ, ತುದಿ ದುಂಡಗಾಗಿ, ಪಾತ್ರೆಯ ಅಂಚಿನ ಒಂದು ಗೀರಿನ ನೇರಕ್ಕೆ ಹಟ ಹಿಡಿದಂತೆ ನಿಂತುಬಿಟ್ಟಿತ್ತು. ಮಿಕ್ಕ ಹರಿವೆಲ್ಲ ಅದನ್ನು ಬಳಸಿ ಹೋಗುತ್ತಿತ್ತು. ಆಕಾಶದಲ್ಲೂ ಹೀಗೆ ಆಗುವುದುಂಟು ಎಂದು ಮೇಷ್ಟ್ರು ಹೇಳಿದ್ದರು: ಅಲೆಯೊಂದು ದಾರಿಗಡ್ಡ ಕೂತರೆ ಒಂದೂರಿಗೆ ಮೂರು ವಾರ ಬಿಡದ ಹಿಮ, ಪಕ್ಕದೂರಿಗೆ ಮೂರು ವಾರ ಬಿಡದ ಬಿಸಿಲು. ಯಾಕೆ ಕೂರುತ್ತದೆ, ಯಾವಾಗ ಏಳುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದ್ದರು.

ಹತ್ತು ಸುತ್ತಾದರೂ ಅದು ಕದಲಲಿಲ್ಲ. ಯಾರಿಗಾದರೂ ತೋರಿಸಬೇಕು. ಹತ್ತಿರದಲ್ಲಿ ಇದ್ದದ್ದು ಒಬ್ಬನೇ.

“ಅಪ್ಪಾ, ಸ್ವಲ್ಪ ಬಾ. ನನ್ನ ಹಿಂದೆ ನಡಿ, ನಾನು ನಡೆದಷ್ಟೇ ಬೇಗ.”

ಮೊಸುಕೆ ಸಲಿಕೆ ಕೆಳಗಿಟ್ಟು ಬಂದ. ಮಗಳ ಹಿಂದೆ ಒಂದು ಸುತ್ತು, ಎರಡು ಸುತ್ತು, ಬಗ್ಗಿ ನೀರನ್ನೇ ನೋಡುತ್ತ ನಡೆದ. ನಾಲ್ಕನೆಯ ಸುತ್ತಿಗೆ ಬಾಯಿಬಿಟ್ಟ.

“ಎಲ್ಲಾ ಓಡ್ತಾ ಇದೆ. ಇದೊಂದು ನಿಂತಿದೆಯಲ್ಲ.”

“ಹೌದಪ್ಪ.”

“ಯಾರೂ ಹಿಡ್ಕೊಂಡಿಲ್ಲ, ಆದ್ರೂ ನಿಂತಿದೆ.”

ಸೌದೆಕೋಣೆಯ ಸಣ್ಣ ಕಿಟಕಿಯ ಬೆಳಕಿನಲ್ಲಿ ಮುಂದೆ ಮಗಳು, ಹಿಂದೆ ಅಪ್ಪ, ಸುತ್ತುತ್ತಲೇ ಇದ್ದರು. ಐವತ್ತನಾಲ್ಕನೆಯ ಸುತ್ತಿಗೆ ಅಲೆಯ ಕತ್ತು ಸಣ್ಣಗಾಗಿ, ಹರಿದು, ಮಿಕ್ಕ ನೀರಿನಲ್ಲಿ ಸೇರಿಹೋಯಿತು. ಹೊರಗೆ ಕಾನೆ ಅತ್ತೆ ಗೋಡೆ ಗುದ್ದುತ್ತಿದ್ದಳು. ಮೂರು ಗಂಟೆ ದಾಟಿತ್ತು, ಒಲೆ ಬೂದಿಯಾಗಿ, ತೊಟ್ಟಿಯ ನೀರು ಬೇಕಾದಷ್ಟು ಕಾದಿರಲಿಲ್ಲ. ಗಿರಾಕಿಗಳು ಬತ್ತಲೆ ನಿಂತು ಗೊಣಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊಸುಕೆಯ ಒಲೆ ಹಾಗೆ ಆರಿದ್ದು ಅದೇ ಮೊದಲು. ಅವನು ಸಲಿಕೆ ಎತ್ತಿಕೊಂಡು ಮತ್ತೆ ಒಲೆ ಹೊತ್ತಿಸಲು ಹೋದ.

ನವೆಂಬರಿನಲ್ಲಿ ವಿಶ್ವವಿದ್ಯಾಲಯ ತೆರೆಯಿತು, ಪಾತ್ರೆಯೂ ನೆಲಮಾಳಿಗೆಗೆ ಮರಳಿತು. ನಿಶಿದಾತೆ ಮೇಷ್ಟ್ರು ಅವಳ ನೋಟ್‌ಪುಸ್ತಕವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ನಾನು ನಂಬ್ತೀನಿ, ತೊಗಾಶಿ. ಆದ್ರೆ ಫೋಟೊ ಇಲ್ಲ, ಆಗಿದ್ದು ಒಂದೇ ಸಲ. ಮತ್ತೊಮ್ಮೆ ಮಾಡಿ ತೋರಿಸಿ.”

ಅವಳು ಅದೇ ಪಾತ್ರೆ, ಅದೇ ವೇಗ, ಅಷ್ಟೇ ಮಂಜುಗಡ್ಡೆ ಇಟ್ಟುಕೊಂಡು ಇಪ್ಪತ್ತಾರು ಸಲ ಮಾಡಿದಳು. ಈಗ ಕ್ಯಾಮೆರಾ ಇತ್ತು, ಅಲೆ ನಿಲ್ಲಲಿಲ್ಲ. ಚಳವಳಿ ಮುಗಿಸಿ ಬಂದ ಹುಡುಗರು ಮೊದಲಿಗೆ ಸುತ್ತ ನಿಂತು ನೋಡಿದರು, ಆಮೇಲೆ ಹೊಸದಾಗಿ ಬಂದ ಕಂಪ್ಯೂಟರಿನ ಕೋಣೆಗೆ ಹೋದರು. ಗಾಳಿಯನ್ನೆಲ್ಲ ಇನ್ನು ಅದರೊಳಗೇ ಲೆಕ್ಕ ಹಾಕಬಹುದು ಎಂಬ ಮಾತು ಎಲ್ಲೆಡೆ ಇತ್ತು. ಅವಳ ಪ್ರಬಂಧದಲ್ಲಿ ಆ ಮಧ್ಯಾಹ್ನದ ಸಂಗತಿ ನಾಲ್ಕು ಸಾಲಿನ ಅಡಿಟಿಪ್ಪಣಿಯಾಯಿತು. ಮೇಷ್ಟ್ರು ತಮ್ಮ ಲೇಖನವೊಂದರಲ್ಲಿ ಅವಳ ಹೆಸರು ಹಾಕಿ ಆ ನಾಲ್ಕು ಸಾಲನ್ನೂ ಇಂಗ್ಲಿಷಿನಲ್ಲಿ ಸೇರಿಸಿದರು. ಅದನ್ನು ಯಾರೂ ಓದಿದಂತೆ ಕಾಣಲಿಲ್ಲ.

ಪದವಿಯ ನಂತರ ಅವಳು ಹವಾಮಾನದ ಕೆಲಸಕ್ಕೆ ಒಂದೆರಡು ಕಡೆ ಅರ್ಜಿ ಹಾಕಿದಳು. ಪಾಳಿ ಕೆಲಸಕ್ಕೆ ಹೆಂಗಸರು ಬೇಡವೆಂಬ ಉತ್ತರ ವಿನಯದಿಂದಲೇ ಬಂತು. ಕೊನೆಗೆ ನಿಶಿದಾತೆ ಮೇಷ್ಟ್ರು ವಿಭಾಗದಲ್ಲೇ ನಕ್ಷೆ ಬರೆಯುವ ಕೆಲಸ ಕೊಡಿಸಿದರು. ಉತ್ತರಾರ್ಧ ಗೋಳದ ಮೇಲ್ಗಾಳಿಯ ಅಂಕಿಗಳನ್ನು ದಿನಾ ಹಾಳೆಯ ಮೇಲಿಟ್ಟು ಗೆರೆ ಎಳೆಯುವುದು. ಏಪ್ರಿಲಿನಲ್ಲಿ ಹೊಸ ವಿದ್ಯಾರ್ಥಿಗಳು ಬರುವರು, ಮಾರ್ಚಿನಲ್ಲಿ ಹಳಬರು ಹೋಗುವರು. ಅವಳು ಅಲ್ಲೇ ಇರುವಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುಂದೆ ಸಾಗಲಿಲ್ಲ. ಅದಕ್ಕಾಗಿ ಅವಳು ಅತ್ತವಳೂ ಅಲ್ಲ, ನಿರಾಳವಾದವಳೂ ಅಲ್ಲ. ಮೊಸುಕೆ ೧೯೭೬ರ ಚಳಿಗಾಲದಲ್ಲಿ, ಒಲೆಯ ಕೋಣೆಯಲ್ಲೇ, ಕೂತ ಹಾಗೇ ಹೋದ. ಮನೆಮನೆಗೂ ಬಚ್ಚಲು ಬಂದಿದ್ದ ಕಾಲ. ಸ್ನಾನದ ಮನೆಯನ್ನು ಕಾನೆ ಅತ್ತೆ ಐದು ವರ್ಷ ಹೇಗೋ ಎಳೆದು ಮುಚ್ಚಿದಳು.

ಹರುಯೊಗೆ ನಲವತ್ತಾರು ವರ್ಷವಾಗಿದ್ದಾಗ ನಾರ್ವೆಯ ಬೆರ್ಗೆನ್ನಿನಿಂದ ಒಂದು ಪತ್ರ ಬಂತು. ಬರೆದವನು ಅಲ್ಲಿನ ಒಬ್ಬ ಸಂಶೋಧಕ. ಅವನ ಕಂಪ್ಯೂಟರಿನ ಲೆಕ್ಕದಲ್ಲಿ ಅಲೆಯೊಂದು ಅಪರೂಪಕ್ಕೆ ಕೆಲವು ಸುತ್ತು ನಿಂತು, ತಾನಾಗಿಯೇ ಕರಗುತ್ತಿತ್ತಂತೆ. ಪ್ರಯೋಗದಲ್ಲಿ ಯಾರಾದರೂ ಕಂಡಿದ್ದಾರೆಯೇ ಎಂದು ಹುಡುಕಿದಾಗ ಅವನಿಗೆ ಸಿಕ್ಕಿದ್ದು ಆ ನಾಲ್ಕು ಸಾಲು ಮಾತ್ರ. ಕೊನೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದ: ಅದನ್ನು ನೀವಲ್ಲದೆ ಬೇರೆ ಯಾರಾದರೂ ನೋಡಿದ್ದರೇ?

ಹರುಯೊ ನಿಘಂಟು ಇಟ್ಟುಕೊಂಡು ನಾಲ್ಕು ದಿನ ಉತ್ತರ ಬರೆದಳು. ಒಬ್ಬರು ನೋಡಿದ್ದರು, ನನ್ನ ತಂದೆ, ಸ್ನಾನದ ಮನೆಯ ಒಲೆ ನೋಡಿಕೊಳ್ಳುತ್ತಿದ್ದವರು, ಈಗಿಲ್ಲ ಎಂದು ಬರೆದು, ಸಾಕ್ಷಿಯಾಗಲು ಅಷ್ಟು ಸಾಲದೇನೋ ಎಂದುಕೊಂಡು ಆ ಸಾಲು ಹೊಡೆದುಹಾಕಿದಳು. ಆಮೇಲೆ ಅಪ್ಪನ ಹೆಸರನ್ನೂ ಸೇರಿಸಿ ಅದನ್ನೇ ಮತ್ತೆ ಬರೆದಳು.

ಮರುವರ್ಷ ಅವನ ಲೇಖನ ಅಚ್ಚಾಗಿ ಬಂತು. ಆರನೆಯ ಪುಟದಲ್ಲಿ, ಈ ಸಂಗತಿಯನ್ನು ಇಬ್ಬರು ಕಂಡಿದ್ದಾರೆ ಎಂದು ಇತ್ತು. ತೊಗಾಶಿ ಹರುಯೊ, ತೊಗಾಶಿ ಮೊಸುಕೆ. ಅವಳು ಪತ್ರಿಕೆ ಹಿಡಿದು ಊಟದ ಕೋಣೆಗೆ ಹೋದಳು. ವಿಭಾಗದ ಐದಾರು ಜನ ಬೇಸ್‌ಬಾಲ್ ಪಂದ್ಯದ ವಿಷಯ ಮಾತಾಡುತ್ತಿದ್ದರು. ಕೂತುಕೊಳ್ಳಿ ತೊಗಾಶಿಯವರೇ ಎಂದು ಒಬ್ಬ ಜಾಗ ಬಿಟ್ಟುಕೊಟ್ಟ. ಅವಳು ಕೂತು, ನೂಡಲ್ಸ್ ತಿಂದು, ಪಂದ್ಯ ಯಾರು ಗೆದ್ದರೆಂದು ಕೇಳಿದಳು. ಪತ್ರಿಕೆ ಮಡಿಲಲ್ಲೇ ಇತ್ತು. ಆಮೇಲೆ ಮೇಜಿಗೆ ಮರಳಿ ಆ ದಿನದ ಹಾಳೆ ಹರಡಿ, ಬೈಕಲ್ ಸರೋವರದ ಪಶ್ಚಿಮದಿಂದ ಗೆರೆ ಎಳೆಯಲು ಶುರುಮಾಡಿದಳು.