ಮುಖ ನೋಡಿ ಹೇಳದವಳು

ನಮ್ಮ ಹೂವಿನಕ್ಕನ ಎಡಗೈ ತೋರುಬೆರಳಿನಲ್ಲಿ ದಾರ ಕೊರೆದ ಗೀರೊಂದಿತ್ತು. ಅದಕ್ಕೆ ಸದಾ ತೊಟ್ಟಿನ ಹಸಿರು ಹತ್ತಿಕೊಂಡಿರುತ್ತಿತ್ತು. ಹಡಗಲಿಯ ಬಸ್‌ಸ್ಟ್ಯಾಂಡಿನ ಮುಂದೆ ಮಲ್ಲಿಗೆ ಕಟ್ಟುತ್ತ ಕೂಡುವ ಅವಳ ಬಳಿ ಡ್ರೈವರು, ಟೀಚರು, ಅತ್ತೆ, ಸೊಸೆ ಎಲ್ಲರೂ ತಮ್ಮ ಗೋಳು ತೋಡಿಕೊಳ್ಳುತ್ತಿದ್ದರು. ಇವಳಿಗೇ ಯಾಕೆ ಹೇಳುತ್ತಾರೆ ಎನ್ನುವುದು ನನ್ನ ಕುತೂಹಲ.

ಆಗ ನಾನು ಎಂ.ಎಡ್. ಓದುತ್ತಿದ್ದೆ. ಪ್ರಬಂಧದ ವಿಷಯ ಭಾವನಾತ್ಮಕ ಬುದ್ಧಿಮತ್ತೆ. ಅದನ್ನು ಅಳೆಯುವವರಲ್ಲಿ ಎರಡು ಪಂಗಡ. ಇದೊಂದು ಸಾಮರ್ಥ್ಯ, ಗಣಿತದ ಹಾಗೆ ಇದಕ್ಕೂ ಸರಿಯುತ್ತರ ಉಂಟು ಎನ್ನುವವರು ಮುಖಗಳ ಫೋಟೊ ತೋರಿಸಿ ಪರೀಕ್ಷೆ ಮಾಡುತ್ತಾರೆ. ಇದೊಂದು ಸ್ವಭಾವ ಎನ್ನುವವರು ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎನ್ನುತ್ತಾರೆ. ನನಗೆ ನಾನು ಧಾರಾಳವಾಗಿಯೇ ಕೊಟ್ಟುಕೊಂಡಿದ್ದೆ. ಅಕ್ಕ ಎಷ್ಟು ಗಳಿಸುತ್ತಾಳೆ ನೋಡೋಣವೆಂದು ಒಂದು ಮಧ್ಯಾಹ್ನ ಎರಡನ್ನೂ ಅವಳ ಮುಂದೆ ಹರಡಿದೆ.

ನಗುವ ಹೆಂಗಸಿನ ಫೋಟೊ ತೋರಿಸಿ, "ಇಕಿ ಮನಸ್ಸಿನಾಗ ಏನೈತಿ ಅಕ್ಕಾ?" ಎಂದೆ.

"ನನಗ ಹೆಂಗ ಗೊತ್ತಾಗಬೇಕವಾ? ಅಕೀನ್ನ ಕೇಳಬೇಕು."

"ಫೋಟೊನ ಹೆಂಗ ಕೇಳ್ತಿ?"

"ಹಂಗಾರ ಬಿಡು," ಎಂದು ಹೂವಿಗೆ ಕೈ ಹಾಕಿದಳು. ಆಮೇಲೆ ತಾನಾಗಿಯೇ ಹೇಳಿದಳು: "ಒಮ್ಮಿ ಲಗ್ನದ ದಿನದಾಗ ಒಬ್ಬರು ನಕ್ಕೊಂತ ಬಂದು ಹತ್ತು ಮೊಳ ಕೊಡ್ರಿ ಅಂದ್ರು. ಮಗಳ ಮದುವೇನ್ರಿ ಅಣ್ಣಾರ ಅಂದೆ. ಹೆಂಡ್ತಿ ಮಣ್ಣಿಗ್ರಿ ಅಂದ್ರು. ಅವತ್ತಿಂದ ಮಾರಿ ನೋಡಿ ಹೇಳೋದು ಬಿಟ್ಟೀನಿ."

ಅಂದಿನಿಂದ ಅವಳದೊಂದು ಪದ್ಧತಿ. ಯಾರೇ ಬರಲಿ, "ಎದಕ್ಕ ಬೇಕಾಗಿತ್ರಿ?" ಎಂದು ಕೇಳಿ, ಉತ್ತರ ಬರುವ ತನಕ ಮೊಳ ಹಾಕದೆ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವ ಹೊತ್ತಿನಲ್ಲೇ ಜನ ಮಾತು ತೆಗೆಯುತ್ತಿದ್ದರೆಂದು ಈಗ ಅನಿಸುತ್ತದೆ. ನಾನು ತಂದಿದ್ದ ಅಂಕದ ಹಾಳೆಯ 'ಇತರರ ಭಾವನೆಗಳನ್ನು ಸುಲಭವಾಗಿ ಅರಿಯಬಲ್ಲೆ' ಎಂಬ ಸಾಲಿಗೂ ಅವಳು, "ಇಲ್ಲಂತ ಬರಕೋ" ಎಂದಳು. ಎರಡರಲ್ಲೂ ಅಕ್ಕ ನಪಾಸು. ನಾನು ನಗುತ್ತಲೇ ಹಾಳೆ ಮಡಚಿಟ್ಟೆ.

ಹೋದ ವರ್ಷ ಹದಿನೈದು ದಿನ ಅವಳ ಜಾಗ ಖಾಲಿಯಿತ್ತು. ಮರಳಿ ಬಂದಾಗ ತೀರಾ ಸೊರಗಿದ್ದಳು. "ಸಣ್ಣಾಗಿ ಚಂದ ಕಾಣ್ತಿ ಬಿಡಕ್ಕಾ" ಎಂದೆ. ನಕ್ಕಳು. ನಕ್ಕಳಲ್ಲ, ಆರಾಮಿದ್ದಾಳೆ ಎಂದುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಅಲ್ಲಿನ ಶಾಲೆಯಲ್ಲಿ ನನಗೆ ಕೆಲಸವಾಗಿತ್ತು. ಎರಡು ತಿಂಗಳಲ್ಲಿ ಹೊಟ್ಟೆಯ ಗಡ್ಡೆ ಅವಳ ಜೀವ ತೆಗೆಯಿತು.

ಮಣ್ಣಿಗೆ ಹೋದಾಗ ಅವಳ ತಂಗಿ ಹೇಳಿದಳು: "ಆಸ್ಪತ್ರಿಂದ ಬಂದ ದಿನ ನಿಮಗ ಹೇಳಬೇಕಂತ ಕುಂತಿದ್ಲ್ರಿ. ನೀವು ಕೇಳ್ತೀರಿ ಅನ್ಕೊಂಡಿದ್ಲು."

ಈಗ ತರಗತಿಯಲ್ಲಿ ನಗುವ ಮಕ್ಕಳನ್ನೂ ಹತ್ತಿರ ಕರೆದು ಹೇಗಿದ್ದೀರೆಂದು ಕೇಳುತ್ತೇನೆ. ಅಕ್ಕನನ್ನು ಕೇಳಲಿಲ್ಲ.